ಆಫೀಸಿನಲ್ಲಿ ನ್ಯೂರೋಡೈವರ್ಸಿಟಿ ಕ್ಯಾಂಪೇನ್ ಮಾಡಬೇಕು ಅಂತಿದ್ದೀರಾ? ಹೀಗೆ ಶುರು ಮಾಡಿ

ಅವತ್ತು ಏಪ್ರಿಲ್ 2, ವಿಶ್ವ ಆಟಿಸಂ ಜಾಗೃತಿ ದಿನ. ನಮ್ಮ ಆಫೀಸಿನ ಕೆಳಗಿನ ಹಾಲ್ ತುಂಬ ನೀಲಿ ಬಲೂನು ಕಟ್ಟಿದ್ದೆವು. ಮೈಕ್ ಇತ್ತು, ಸ್ಪೀಕರ್ ಇತ್ತು, ಕೇಕ್ ಮಾರಾಟ ಇತ್ತು. ಬಂದ ದುಡ್ಡೆಲ್ಲ ಆಟಿಸಂ ಇರುವ ಮಕ್ಕಳ ಶಾಲೆಗೆ ಹೋಗಬೇಕಿತ್ತು. ಹನ್ನೊಂದು ಗಂಟೆ ಹೊತ್ತಿಗೆ ನಮ್ಮ ಟೀಮಿನ ಟೆಸ್ಟ್ ಎಂಜಿನಿಯರ್ ಒಬ್ಬರು ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಬೇಸ್‌ಮೆಂಟ್ ಪಾರ್ಕಿಂಗ್‌ನ ಮೆಟ್ಟಿಲ ಮೇಲೆ ಕೂತಿದ್ದರು. ಕಿವಿಗೆ ಹೆಡ್‌ಫೋನ್, ತೊಡೆ ಮೇಲೆ ಲ್ಯಾಪ್‌ಟಾಪ್. "ನನಗೂ ಆಟಿಸಂ ಇದೆ. ಆ ಸದ್ದಿನಲ್ಲಿ ಇರೋಕೆ ಆಗ್ತಿಲ್ಲ. ಮುಗಿದ ಮೇಲೆ ಒಂದು ಮೆಸೇಜ್ ಹಾಕಿ, ಬರ್ತೀನಿ" ಅಂದರು. ಎರಡು ವರ್ಷ ಅವರ ಪಕ್ಕದಲ್ಲೇ ಕೂತು ಕೆಲಸ ಮಾಡಿದ್ದೆ. ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಇನ್ನೂ ಕೆಲವು ಕ್ಯಾಂಪೇನ್‌ಗಳಲ್ಲಿ ಕೆಲಸ ಮಾಡಿದ್ದೇನೆ. ಕೆಲವು ಆಫೀಸಿನಲ್ಲಿ, ಒಂದು ನಾನು ಓದಿದ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಪ್ರತಿ ಸಲವೂ ಆ ಮೆಟ್ಟಿಲು ಕಣ್ಣ ಮುಂದೆ ಬರುತ್ತದೆ. ಯಾರಿಗೋಸ್ಕರ ಕ್ಯಾಂಪೇನ್ ಮಾಡುತ್ತೇವೋ ಅವರು ಬಂದು ಕೂರುವ ಹಾಗಿರಬೇಕು. ಅದಕ್ಕಾಗಿ ತಮಗೆ ಏನಿದೆ ಅಂತ ಯಾರ ಮುಂದೂ ಹೇಳಿಕೊಳ್ಳುವ ಪ್ರಸಂಗವೂ ಬರಬಾರದು. ಕೆಳಗೆ ಬರೆದಿರುವ ಎಲ್ಲ ಹೆಜ್ಜೆಗಳೂ ಇದೊಂದೇ ಯೋಚನೆಯಿಂದ ಬಂದವು.

ಮೊದಲು ಪದದ ಬಗ್ಗೆ ಎರಡು ಮಾತು. ಎಲ್ಲರ ಮಿದುಳೂ ಒಂದೇ ರೀತಿ ಕೆಲಸ ಮಾಡುವುದಿಲ್ಲ, ಆ ವ್ಯತ್ಯಾಸ ಮನುಷ್ಯರಲ್ಲಿ ಸಹಜ ಎನ್ನುವುದೇ ನ್ಯೂರೋಡೈವರ್ಸಿಟಿ. ಆಟಿಸಂ, ಎಡಿಎಚ್‌ಡಿ (ಗಮನ ಒಂದೇ ಕಡೆ ನಿಲ್ಲಿಸುವುದು ಕಷ್ಟ), ಡಿಸ್ಲೆಕ್ಸಿಯಾ (ಓದು ಬರಹ ಕಷ್ಟ), ಡಿಸ್‌ಪ್ರಾಕ್ಸಿಯಾ (ಕೈಕಾಲಿನ ಚಲನೆ ಹೊಂದಿಸುವುದು ಕಷ್ಟ), ಟುರೆಟ್ (ತಡೆಯಲಾಗದ ಚಲನೆ, ಸದ್ದು) ಇವೆಲ್ಲ ಇದರೊಳಗೆ ಬರುತ್ತವೆ. ನಾವು ಶಾಲೆಗೆ ಹೋಗುವಾಗ ಈ ಹೆಸರುಗಳು ಮೇಷ್ಟ್ರಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಸೋಮಾರಿ, ಮೊಂಡ, ಗಮನ ಇಲ್ಲದವನು, ಯಾರ ಜೊತೆಗೂ ಸೇರದವಳು ಅಂತ ಕರೆಸಿಕೊಂಡು ದೊಡ್ಡವರಾದವರು ಈಗ ನಮ್ಮ ಪಕ್ಕದ ಸೀಟಿನಲ್ಲಿದ್ದಾರೆ. ನನಗೆ ಪರಿಚಯದ ಸಿವಿಲ್ ಎಂಜಿನಿಯರ್ ಒಬ್ಬರಿಗೆ ಡಿಸ್ಲೆಕ್ಸಿಯಾ ಇದೆ. ಡ್ರಾಯಿಂಗ್ ನೋಡಿದರೆ ಸಾಕು, ಕಂಬಿ ಎಲ್ಲಿ ತಪ್ಪಿದೆ ಅಂತ ತಕ್ಷಣ ಹೇಳುತ್ತಾರೆ. ಸೈಟ್ ರಿಪೋರ್ಟ್‌ನ ಎರಡು ಪುಟ ಬರೆಯಲು ಮಾತ್ರ ರಾತ್ರಿ ಹನ್ನೊಂದಾಗುತ್ತದೆ. ಆ ಸುಸ್ತು ಯಾರ ಕಣ್ಣಿಗೂ ಬೀಳುವುದಿಲ್ಲ.

ದುಡ್ಡು ಕೇಳುವ ಮೊದಲು ಜನರನ್ನು ಕೇಳಿ

ಪೋಸ್ಟರ್, ಟೀ ಶರ್ಟ್, ಅತಿಥಿ ಇದನ್ನೆಲ್ಲ ಪಕ್ಕಕ್ಕಿಡಿ. ಮೊದಲ ಎರಡು ವಾರ ಸುಮ್ನೆ ಕೇಳಿಸಿಕೊಳ್ಳುವುದಕ್ಕೇ ಇಟ್ಟುಬಿಡಿ.

ಒಂದು ಚಿಕ್ಕ ಫಾರ್ಮ್ ಮಾಡಿ. ಇಮೇಲ್ ದಾಖಲಾಗುವ ಆಯ್ಕೆಯನ್ನು ಆಫ್ ಮಾಡಿ, ಆಫ್ ಮಾಡಿದ್ದೀರಿ ಅಂತ ಮೇಲೆಯೇ ಬರೆಯಿರಿ. ಟೀಮಿನ ಹೆಸರು, ವಯಸ್ಸು, ಎಷ್ಟು ವರ್ಷದ ಅನುಭವ ಅಂತ ಕೇಳಬೇಡಿ. ಎಂಟು ಜನರ ಟೀಮಿನಲ್ಲಿ ಇಷ್ಟು ಗೊತ್ತಾದರೆ ಬರೆದವರು ಯಾರು ಅಂತ ಯಾರಾದರೂ ಹೇಳಿಬಿಡುತ್ತಾರೆ. ನಾನು ಮೂರೇ ಪ್ರಶ್ನೆ ಇಡುತ್ತೇನೆ. ಕೆಲಸದ ದಿನದಲ್ಲಿ ನಿಮ್ಮನ್ನು ಜಾಸ್ತಿ ಸುಸ್ತು ಮಾಡುವುದು ಯಾವುದು? ಯಾವ ಸಣ್ಣ ಬದಲಾವಣೆ ಆದರೆ ಅದು ಕಡಿಮೆಯಾಗುತ್ತದೆ? ಇಂಥ ಕ್ಯಾಂಪೇನ್‌ನಲ್ಲಿ ಏನು ಮಾಡಿದರೆ ನಿಮಗೆ ಬೇಸರವಾಗುತ್ತದೆ? "ನಿಮಗೆ ಯಾವ ತೊಂದರೆ ಇದೆ" ಎಂಬ ಪ್ರಶ್ನೆ ಬೇಡವೇ ಬೇಡ.

ಮೂರನೇ ಪ್ರಶ್ನೆಗೆ ಬರುವ ಉತ್ತರಗಳು ಚಿನ್ನ. ಒಂದು ಸಲ ಒಬ್ಬರು, "ನನ್ನನ್ನು ಸ್ಫೂರ್ತಿ ಅಂತ ಕರೀಬೇಡಿ, ಸ್ಟ್ಯಾಂಡ್‌ಅಪ್ ಮೀಟಿಂಗ್‌ನ ನೋಟ್ಸ್ ಬರೆದು ಕಳಿಸಿ ಸಾಕು" ಅಂತ ಬರೆದಿದ್ದರು. ಆ ಒಂದು ಸಾಲಿನಿಂದ ನಮ್ಮ ಇಡೀ ಟೀಮಿನ ಅಭ್ಯಾಸ ಬದಲಾಯಿತು.

ಆಟಿಸಂ ಇರುವ ಮಕ್ಕಳ ಅಪ್ಪ ಅಮ್ಮಂದಿರೂ ಆಫೀಸಿನಲ್ಲಿ ಇರುತ್ತಾರೆ. ಥೆರಪಿಗೆ ಕರೆದುಕೊಂಡು ಹೋಗಲು ವಾರಕ್ಕೆ ಮೂರು ದಿನ ನಾಲ್ಕು ಗಂಟೆಗೇ ಹೊರಡುವವರು ಇವರು. ಕಾರಣ ಯಾರಿಗೂ ಹೇಳಿರುವುದಿಲ್ಲ. ಫಾರ್ಮ್‌ನಲ್ಲಿ ಅವರಿಗೂ ಜಾಗ ಇರಲಿ. ಯಾರಾದರೂ ತಾವಾಗಿ ಮುಂದೆ ಬಂದರೆ ಯೋಜನೆ ಮಾಡುವ ಗುಂಪಿಗೆ ಸೇರಿಸಿಕೊಳ್ಳಿ. ಬರದಿದ್ದರೆ ಒತ್ತಾಯ ಮಾಡಬೇಡಿ.

ದುಡ್ಡು ಯಾವುದಕ್ಕೆ? ಎರಡು ಜೇಬು ಬೇರೆ ಬೇರೆ ಇರಲಿ

ಇಲ್ಲಿ ಗೊಂದಲ ಜಾಸ್ತಿ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲನೆಯದು ಕಂಪನಿಯ ಜೇಬು. ಸದ್ದಿಲ್ಲದ ಕೋಣೆ, ಸದ್ದು ತಗ್ಗಿಸುವ ಹೆಡ್‌ಫೋನ್, ಮಿಣುಕದ ಲೈಟು, ಕೌನ್ಸೆಲಿಂಗ್ ಸೌಲಭ್ಯ ಇವೆಲ್ಲ ಕಂಪನಿ ತನ್ನ ಖರ್ಚಿನಲ್ಲಿ ಕೊಡಬೇಕಾದದ್ದು. ಇದಕ್ಕೆ ಸಹೋದ್ಯೋಗಿಗಳ ಹತ್ತಿರ ಚಂದಾ ಎತ್ತುವುದು ತಪ್ಪು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಿಎಸ್‌ಆರ್ ಹಣದಿಂದಲೂ, ಅಂದರೆ ಸಮಾಜದ ಕೆಲಸಕ್ಕೆ ಅಂತ ಕಂಪನಿ ತೆಗೆದಿಡುವ ಹಣದಿಂದಲೂ, ಆಗುವುದಿಲ್ಲ. ತನ್ನದೇ ಉದ್ಯೋಗಿಗಳಿಗೆ ಅನುಕೂಲ ಮಾಡುವ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಅಂತ ನಿಯಮವೇ ಇದೆ. ಎಚ್‌ಆರ್ ವಿಭಾಗ "ಸಿಎಸ್‌ಆರ್‌ನಲ್ಲಿ ನೋಡೋಣ" ಅಂದರೆ ಇದನ್ನು ಮೆಲ್ಲಗೆ ನೆನಪಿಸಿ. ಸೌಲಭ್ಯದ ಬಜೆಟ್‌ನಿಂದಲೇ ಕೊಡಿ ಅಂತ ಕೇಳಿ.

ಎರಡನೆಯದು ಚಾರಿಟಿಯ ಜೇಬು. ಆಫೀಸಿನ ಗೋಡೆಯಾಚೆ ಇರುವವರಿಗೆ ಹೋಗುವ ದುಡ್ಡು. ಇಲ್ಲಿ ಒಂದೇ ಒಂದು ಗುರಿ ಆರಿಸಿಕೊಳ್ಳಿ. ಮಕ್ಕಳ ಥೆರಪಿಯೂ ಆಗಲಿ, ಉದ್ಯೋಗ ತರಬೇತಿಯೂ ಆಗಲಿ, ಹಾಸ್ಟೆಲ್ ಹುಡುಗರ ಕೌನ್ಸೆಲಿಂಗೂ ಆಗಲಿ ಅಂತ ಹೊರಟರೆ ಯಾವುದಕ್ಕೂ ಸಾಕಾಗುವುದಿಲ್ಲ.

ಎಂಜಿನಿಯರುಗಳಿಗೆ ನನ್ನ ಮೊದಲ ಸಲಹೆ ಉದ್ಯೋಗ ತರಬೇತಿ, ಯಾಕೆಂದರೆ ದುಡ್ಡಿನ ಜೊತೆ ನಮ್ಮ ಕೆಲಸದ ಅನುಭವವನ್ನೂ ಕೊಡಬಹುದು. ಬೆಂಗಳೂರಿನ ಎನೇಬಲ್ ಇಂಡಿಯಾ 1999ರಿಂದ ಅಂಗವಿಕಲರ ಉದ್ಯೋಗಕ್ಕಾಗಿಯೇ ಕೆಲಸ ಮಾಡುತ್ತಿದೆ. ಅಣಕು ಸಂದರ್ಶನ ನಡೆಸುವುದು, ರೆಸ್ಯೂಮೆ ತಿದ್ದುವುದು ಎಂಜಿನಿಯರ್ ಒಬ್ಬರು ಶನಿವಾರ ಬೆಳಗ್ಗೆ ಕೂತು ಮಾಡಬಹುದಾದ ಕೆಲಸ. ಇಂಥ ಪ್ರಯತ್ನಕ್ಕೆ ನಮ್ಮ ಊರಲ್ಲೇ ಹಿಂದಿನ ಉದಾಹರಣೆ ಇದೆ. ಎಸ್‌ಎಪಿ ಲ್ಯಾಬ್ಸ್‌ನ ಬೆಂಗಳೂರು ಕಚೇರಿ ಆಟಿಸಂ ಇರುವ 6 ಮಂದಿಯನ್ನು ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ ಸೇರಿಸಿಕೊಂಡು ನೋಡಿತು. 2013ರ ಮೇ ತಿಂಗಳಲ್ಲಿ ಕಂಪನಿ ಡೆನ್ಮಾರ್ಕಿನ ಸ್ಪೆಷಲಿಸ್ಟರ್ನೆ ಜೊತೆ ಸೇರಿ ಇದನ್ನು ಬೇರೆ ದೇಶಗಳಿಗೂ ಒಯ್ಯುವುದಾಗಿ ಘೋಷಿಸಿತು. ಸ್ಪೆಷಲಿಸ್ಟರ್ನೆಯನ್ನು ಕಟ್ಟಿದ ಥೋರ್ಕಿಲ್ ಸೊನ್ನೆ ಅವರ ಮಗನಿಗೆ ಆಟಿಸಂ ಇದೆ. ಟೆಲಿಕಾಂ ಕೆಲಸ ಬಿಟ್ಟು 2004ರಲ್ಲಿ ಅವರು ಅದನ್ನು ಶುರು ಮಾಡಿದರು.

ಎಂಜಿನಿಯರುಗಳಿಗೇ ಅಂತ ಇರುವ ಚಾರಿಟಿ ಹೇಗಿರುತ್ತದೆ ನೋಡಬೇಕಾದರೆ ಬ್ರಿಟನ್ನಿನ ಫುಟ್‌ಹೋಲ್ಡ್ ನೋಡಿ. ಐಇಟಿ ಎಂಬ ಎಂಜಿನಿಯರುಗಳ ಸಂಸ್ಥೆಯ ಸದಸ್ಯರು ಮತ್ತು ಅವರ ಮನೆಯವರಿಗಾಗಿ 1890ರಲ್ಲಿ ಶುರುವಾದ ಸಹಾಯ ನಿಧಿ ಅದು. ಕಷ್ಟದಲ್ಲಿರುವವರಿಗೆ ಹಣದ ನೆರವು ಕೊಡುತ್ತದೆ, ಮನಸ್ಸಿನ ಆರೋಗ್ಯ ಮತ್ತು ನ್ಯೂರೋಡೈವರ್ಸಿಟಿ ವಿಷಯದಲ್ಲೂ ಜೊತೆ ನಿಲ್ಲುತ್ತದೆ. ಐಇಟಿಯ ಕಚೇರಿ ಬೆಂಗಳೂರಿನಲ್ಲೂ ಇದೆ. ನಿಮ್ಮಲ್ಲಿ ಯಾರಾದರೂ ಸದಸ್ಯರಿದ್ದರೆ ಅವರಿಗೆ ಇದನ್ನು ತಿಳಿಸಿ.

ಸಂಸ್ಥೆಯನ್ನು ಕಣ್ಣಾರೆ ನೋಡಿ

ಹೆಸರು ಕೇಳಿ ಹಣ ಕಳಿಸಬೇಡಿ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಸಂಸ್ಥೆಯ ಹೆಸರು ಇದೆಯಾ ನೋಡಿ. 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ) ನೋಂದಣಿ ಪತ್ರ, ಹಿಂದಿನ ಮೂರು ವರ್ಷದ ಲೆಕ್ಕಪತ್ರ ಕೇಳಿ. ಕಂಪನಿಯ ಸಿಎಸ್‌ಆರ್ ಹಣವೂ ಹೋಗುವುದಿದ್ದರೆ ಸಿಎಸ್‌ಆರ್-1 ನೋಂದಣಿ ಬೇಕು. ಒಳ್ಳೆಯ ಸಂಸ್ಥೆಗಳು ಇದನ್ನೆಲ್ಲ ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಮೇಲೆ ಒಂದು ಸಾಮಾನ್ಯ ದಿನ ಹೋಗಿ ಬನ್ನಿ. ಮೊದಲೇ ಫೋನ್ ಮಾಡಿ, ಇಬ್ಬರೇ ಹೋಗಿ, ಮಕ್ಕಳ ಫೋಟೋ ತೆಗೆಯಬೇಡಿ. ಇಪ್ಪತ್ತು ಜನ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ನುಗ್ಗಿದರೆ ದಿನಚರಿಯನ್ನೇ ನೆಚ್ಚಿಕೊಂಡ ಮಗುವಿಗೆ ಆ ದಿನವೆಲ್ಲ ಹಾಳು. ಕೇಳಬೇಕಾದ ಪ್ರಶ್ನೆ ಒಂದೇ: "ನಿಮಗೆ ಯಾವ ಖರ್ಚಿಗೆ ಯಾರೂ ಕೊಡುವುದಿಲ್ಲ?" ಉತ್ತರ ಬಹಳ ಸಲ ಬಾಡಿಗೆ, ಥೆರಪಿಸ್ಟ್ ಸಂಬಳ, ವ್ಯಾನ್ ಡೀಸೆಲ್ ಅಂತಲೇ ಇರುತ್ತದೆ. ಆಟಿಕೆ, ಬ್ಯಾಗು ಕೊಡುವವರು ಬೇಕಾದಷ್ಟು ಇದ್ದಾರೆ. ನೀವು ಸಂಬಳಕ್ಕೆ ಕೊಡಿ.

ಹಣ ಸೇರಿಸುವ ದಾರಿ

ಯಾರ ಸ್ವಂತ ಯುಪಿಐ ನಂಬರಿಗೂ ಹಣ ಹಾಕಿಸಬೇಡಿ, ಎಷ್ಟೇ ನಂಬಿಕಸ್ತರಾಗಿರಲಿ. ಕಾಲೇಜಿನ ಕ್ಯಾಂಪೇನ್‌ನಲ್ಲಿ ನಾವು ಹಾಗೆ ಮಾಡಿದ್ದೆವು. ಸೇರಿಸಿದ ಹುಡುಗ ಪರೀಕ್ಷೆ ಬಿಟ್ಟು ಮೂರು ರಾತ್ರಿ ಸ್ಟೇಟ್‌ಮೆಂಟ್ ಹಿಡಿದು ಕೂತ. ಮನೆಯವರು ಕಳಿಸಿದ ಖರ್ಚಿನ ದುಡ್ಡೂ ಚಂದಾ ದುಡ್ಡೂ ಬೆರೆತುಹೋಗಿತ್ತು. ಒಂದು ರೂಪಾಯಿಯೂ ಕಳೆಯಲಿಲ್ಲ, ಆದರೂ ಅವನು ಪಟ್ಟ ಸಂಕಟ ನೆನೆದರೆ ಈಗಲೂ ಬೇಸರವಾಗುತ್ತದೆ. ಕ್ಯುಆರ್ ಕೋಡ್ ನೇರ ಸಂಸ್ಥೆಯ ಖಾತೆಯದ್ದೇ ಇರಲಿ.

ಒಂದೇ ಸಲ ಎರಡು ಸಾವಿರ ಕೇಳುವ ಬದಲು ತಿಂಗಳಿಗೆ 200 ರೂಪಾಯಿ ಕೇಳಿ. 60 ಜನ ಒಪ್ಪಿದರೆ ತಿಂಗಳಿಗೆ 12,000, ವರ್ಷಕ್ಕೆ 1,44,000 ರೂಪಾಯಿ. ಪ್ರತಿ ತಿಂಗಳು ಬರುತ್ತದೆ ಅಂತ ಗೊತ್ತಿದ್ದರೆ ಸಂಸ್ಥೆ ಒಬ್ಬ ಸಹಾಯಕರನ್ನು ಧೈರ್ಯವಾಗಿ ನೇಮಿಸಿಕೊಳ್ಳಬಹುದು. ಪೇರೋಲ್‌ನಿಂದಲೇ ಕಡಿತ ಮಾಡಲು ಆಗುತ್ತಾ, ಅಷ್ಟೇ ಮೊತ್ತವನ್ನು ಕಂಪನಿಯೂ ಸೇರಿಸುತ್ತಾ ಅಂತ ಕೇಳಿ ನೋಡಿ.

ತೆರಿಗೆ ವಿಷಯದಲ್ಲಿ ಆಸೆ ಹುಟ್ಟಿಸಬೇಡಿ. 80ಜಿ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಸಾಮಾನ್ಯವಾಗಿ ಕೊಟ್ಟ ಹಣದ ಅರ್ಧಕ್ಕೆ ಸಿಗುತ್ತದೆ, 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ. ಹೊಸ ಪದ್ಧತಿಯಲ್ಲಿ ಇರುವವರಿಗೆ ಇಲ್ಲ ಅಂತ ಮೊದಲೇ ಹೇಳಿಬಿಡಿ.

ಅಮೆರಿಕ, ಇಂಗ್ಲೆಂಡಿನಲ್ಲಿ ಇರುವ ಹಳೆಯ ಸಹಪಾಠಿಗಳು "ನಾವೂ ಕಳಿಸ್ತೀವಿ" ಅನ್ನುತ್ತಾರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದು, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾಯ್ದೆ) ನೋಂದಣಿ ಇರುವ ಸಂಸ್ಥೆ ಮಾತ್ರ, ಅದಕ್ಕೆಂದೇ ಇರುವ ಖಾತೆಯಲ್ಲಿ ತೆಗೆದುಕೊಳ್ಳಬಹುದು. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಸಣ್ಣ ಸಂಸ್ಥೆಯೊಂದನ್ನು ಕಷ್ಟಕ್ಕೆ ಸಿಕ್ಕಿಸಬೇಡಿ.

ದಿನ ಯಾವುದು?

ನನಗೆ ಹಿಡಿಸಿದ್ದು ಸೆಪ್ಟೆಂಬರ್ 15ರಿಂದ ಅಕ್ಟೋಬರ್ 10. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ, ಅಂದರೆ ಎಂಜಿನಿಯರ್‌ಗಳ ದಿನದಂದು ಶುರು. ವಿಶ್ವ ಮಾನಸಿಕ ಆರೋಗ್ಯ ದಿನದಂದು ಮುಕ್ತಾಯ. ಕೆಲವು ವರ್ಷ ಆಯುಧಪೂಜೆಯೂ ಈ ನಡುವೆಯೇ ಬರುತ್ತದೆ. ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು, ಕಡ್ಲೆಪುರಿ ಹಂಚುವ ದಿನ ಎಲ್ಲರ ಮನಸ್ಸೂ ಹಗುರವಾಗಿರುತ್ತದೆ. ನಾವು ಕಡ್ಲೆಪುರಿ ಪೊಟ್ಟಣದ ಮೇಲೆ ಸಂಸ್ಥೆಯ ಕ್ಯುಆರ್ ಕೋಡ್ ಅಂಟಿಸಿದ್ದೆವು. ಭಾಷಣ ಇಲ್ಲ, ಮೈಕ್ ಇಲ್ಲ. ಇಡೀ ಕ್ಯಾಂಪೇನ್‌ನಲ್ಲಿ ಜಾಸ್ತಿ ಜನ ಸೇರಿದ್ದು ಆ ದಿನವೇ. ಸಾಫ್ಟ್‌ವೇರ್ ರಿಲೀಸ್ ಇರುವ ವಾರವನ್ನು ಮಾತ್ರ ಬಿಟ್ಟುಬಿಡಿ.

ಕಾರ್ಯಕ್ರಮವನ್ನು ಸದ್ದಿಲ್ಲದೆ ಕಟ್ಟುವುದು

ಎರಡು ದಿನ ಮೊದಲೇ ಬರಹದಲ್ಲಿ ಕಳಿಸಿ: ಎಷ್ಟು ಹೊತ್ತಿಗೆ ಶುರು, ಯಾರು ಮಾತಾಡುತ್ತಾರೆ, ಎಷ್ಟು ನಿಮಿಷ, ಯಾವ ಕೋಣೆ, ಯಾವಾಗ ಬೇಕಾದರೂ ಎದ್ದು ಹೋಗಬಹುದು. ಬಾಗಿಲ ಹತ್ತಿರದ ಕುರ್ಚಿಗಳನ್ನು ಖಾಲಿ ಬಿಡಿ. ಮಿಣುಕುವ ಟ್ಯೂಬ್‌ಲೈಟ್ ಇದ್ದರೆ ಆರಿಸಿ. ಪ್ರಶ್ನೆಗಳನ್ನು ಚೀಟಿಯಲ್ಲಿ ತೆಗೆದುಕೊಳ್ಳಿ. "ಇಲ್ಲಿ ಯಾರ್ಯಾರಿಗೆ ಎಡಿಎಚ್‌ಡಿ ಇದೆ, ಕೈ ಎತ್ತಿ" ಅಂತ ಕೇಳುವ ಭಾಷಣಕಾರರು ಇದ್ದಾರೆ. ಕರೆಯುವ ಮೊದಲೇ ಅದು ಬೇಡ ಅಂತ ಹೇಳಿ. ತಮ್ಮ ಅನುಭವ ಹೇಳಲು ಬರುವವರಿಗೆ ಸಂಭಾವನೆ ಕೊಡಿ. ಶಾಲು ಹಣ್ಣಿನ ಬುಟ್ಟಿಯಲ್ಲಿ ಮುಗಿಸಬೇಡಿ.

ಪೋಸ್ಟರ್ ಮಾತು ಮುಖ್ಯ. "ಆಟಿಸಂನಿಂದ ಬಳಲುತ್ತಿರುವ" ಬೇಡ, "ಆಟಿಸಂ ಇರುವ" ಸಾಕು. "ಬುದ್ಧಿಮಾಂದ್ಯ" ಎಂಬ ಪದ ಎಲ್ಲೂ ಬೇಡ. ಜಿಗ್ಸಾ ತುಂಡಿನ ಚಿತ್ರವನ್ನು ಆಟಿಸಂ ಇರುವ ಎಷ್ಟೋ ದೊಡ್ಡವರು ಇಷ್ಟಪಡುವುದಿಲ್ಲ, ತಮ್ಮಲ್ಲಿ ಏನೋ ತುಂಡು ಕಡಿಮೆ ಇದೆ ಅಂದ ಹಾಗೆ ಅನ್ನಿಸುತ್ತದೆ. "ಇವರೆಲ್ಲ ಗಣಿತದಲ್ಲಿ ಮಹಾ ಜಾಣರು" ಎಂಬ ಹೊಗಳಿಕೆಯನ್ನೂ ಬಿಡಿ. ಗಣಿತ ಬಾರದವರೂ ಇದ್ದಾರೆ, ಅವರಿಗೂ ಕೆಲಸ ಬೇಕು. ಕನ್ನಡದ ಪೋಸ್ಟರ್ ಕಡ್ಡಾಯ ಮಾಡಿ. ನಮ್ಮ ಆಫೀಸಿನ ಸೆಕ್ಯುರಿಟಿ ಒಬ್ಬರು ಕನ್ನಡದ ಪೋಸ್ಟರ್ ಓದಿ, ತಮ್ಮ ಮಗನಿಗೆ ಮಾತು ತಡವಾಗುತ್ತಿದೆ, ಎಲ್ಲಿ ತೋರಿಸಬೇಕು ಅಂತ ಕೇಳಿದರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರು ಬರೆದುಕೊಟ್ಟೆವು.

ಯಾರಾದರೂ ಮನಸ್ಸು ಬಿಚ್ಚಿದಾಗ

ಕ್ಯಾಂಪೇನ್ ಶುರುವಾದ ಮೇಲೆ ಯಾರಾದರೂ ಬಂದು ಹೇಳಿಕೊಂಡೇ ಹೇಳಿಕೊಳ್ಳುತ್ತಾರೆ. ಚಹಾ ಹೊತ್ತಿನಲ್ಲಿ, ಕ್ಯಾಬ್‌ನಲ್ಲಿ, ರಾತ್ರಿ ಮೆಸೇಜಿನಲ್ಲಿ. ತಯಾರಾಗಿರಿ. ನೀವು ಕೌನ್ಸೆಲರ್ ಆಗಬೇಕಿಲ್ಲ. ನಡುವೆ ಬಾಯಿ ಹಾಕದೆ ಕೇಳಿ. "ಎಲ್ಲರಿಗೂ ಹೀಗೇ ಆಗುತ್ತೆ ಬಿಡಿ" ಅನ್ನಬೇಡಿ. "ಈಗ ನನ್ನಿಂದ ಏನಾದರೆ ಅನುಕೂಲ?" ಅಂತ ಕೇಳಿ. ಅವರ ಒಪ್ಪಿಗೆ ಇಲ್ಲದೆ ಮ್ಯಾನೇಜರ್‌ಗೆ ಹೇಳಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ಅನುಮಾನ ಬಂದರೆ ನೇರವಾಗಿ ಕೇಳಿ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಗುಟ್ಟು ಅಂತ ಸುಮ್ಮನಿರಲೂಬೇಡಿ. ಮನೆಯವರನ್ನೋ ಹತ್ತಿರದ ಆಸ್ಪತ್ರೆಯನ್ನೋ ಕೂಡಲೇ ಸಂಪರ್ಕಿಸಿ.

ಟೆಲಿ ಮಾನಸ್ ನಂಬರ್ 14416 ಎಲ್ಲರ ಫೋನ್‌ನಲ್ಲೂ ಇರಲಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ ಅದು. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್, ತಾಂತ್ರಿಕ ನೆರವು ಐಐಐಟಿ ಬೆಂಗಳೂರಿನದು. ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್‌ಬೀಯಿಂಗ್ ಕೂಡ ಇದೆ. ದೊಡ್ಡ ಆಸ್ಪತ್ರೆ ಅಂದರೆ ಹಿಂಜರಿಯುವವರಿಗೆ ಆ ಹೆಸರು ಹೇಳಿ. ಕಂಪನಿಯ ವಿಮೆಯಲ್ಲಿ ಮಾನಸಿಕ ಚಿಕಿತ್ಸೆ ಇದೆಯಾ ಅಂತಲೂ ವಿಚಾರಿಸಿ. ದೇಹದ ಕಾಯಿಲೆಗೆ ಹೇಗೋ ಮಾನಸಿಕ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಸರ್ಟಿಫಿಕೇಟ್ ಕೇಳದೆ ಬದಲಾವಣೆ ಕೇಳಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾ ಸೇರುವ ಕಲಿಕಾ ತೊಂದರೆಗಳಿವೆ. ಎಡಿಎಚ್‌ಡಿಯ ಹೆಸರು ಅದರಲ್ಲಿ ಬೇರೆಯಾಗಿ ಇಲ್ಲ. ಸೌಲಭ್ಯ ಕೊಡಲು ಕಂಪನಿ ಅಂಗವೈಕಲ್ಯದ ಕಾರ್ಡ್ ಕೇಳಿದರೆ ಎಡಿಎಚ್‌ಡಿ ಇರುವವರು ಬಾಗಿಲಲ್ಲೇ ನಿಲ್ಲುತ್ತಾರೆ. ಅದಕ್ಕೆ ನಾವು ಕೇಳುವ ಬದಲಾವಣೆಗಳು ಎಲ್ಲರಿಗೂ ಸಿಗುವಂಥವು: ಕೆಲಸ ಹೇಳಿದ್ದನ್ನು ಬರೆದೂ ಕೊಡುವುದು, ವಾರಕ್ಕೆ ಎರಡು ಬೆಳಗ್ಗೆ ಮೀಟಿಂಗ್ ಇಲ್ಲದಿರುವುದು, ಸಂದರ್ಶನ ಹೇಗೆ ನಡೆಯುತ್ತದೆ ಅಂತ ಹಿಂದಿನ ದಿನವೇ ಕಳಿಸುವುದು. ಇವಕ್ಕೆ ಖರ್ಚೇ ಇಲ್ಲ. ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು ಅಂತ ಅದೇ ಕಾಯ್ದೆ ಖಾಸಗಿ ಕಂಪನಿಗಳಿಗೂ ಹೇಳುತ್ತದೆ. ನಿಮ್ಮ ಕಂಪನಿಯದ್ದು ಎಲ್ಲಿದೆ ಅಂತ ಕೇಳಿ, ಓದಿ.

ಲೆಕ್ಕ ಒಪ್ಪಿಸಿ

ಮುಗಿದ ಎರಡು ವಾರದೊಳಗೆ ಒಂದು ಪುಟ ಬರೆಯಿರಿ. ಎಷ್ಟು ಬಂತು, ಎಲ್ಲಿಗೆ ಹೋಯಿತು, ಕಂಪನಿ ಯಾವುದಕ್ಕೆ ಒಪ್ಪಿತು, ಯಾವುದಕ್ಕೆ ಒಪ್ಪಲಿಲ್ಲ. ಒಪ್ಪದ್ದನ್ನೂ ಬರೆಯಿರಿ. ಆರು ತಿಂಗಳ ನಂತರ ಅದೇ ಪುಟಕ್ಕೆ ವಾಪಸ್ ಬನ್ನಿ. ಸದ್ದಿಲ್ಲದ ಕೋಣೆ ಅಷ್ಟರಲ್ಲಿ ಸ್ಟೋರ್ ರೂಮ್ ಆಗಿರುವ ಸಾಧ್ಯತೆ ಜಾಸ್ತಿ.

ಮೆಟ್ಟಿಲ ಮೇಲೆ ಕೂತಿದ್ದ ಆ ಟೆಸ್ಟ್ ಎಂಜಿನಿಯರ್ ಮುಂದಿನ ವರ್ಷ ಯೋಜನೆಯ ಗುಂಪಿಗೆ ತಾವಾಗಿಯೇ ಬಂದರು. ಮೀಟಿಂಗ್‌ಗಳಲ್ಲಿ ಹೆಚ್ಚು ಮಾತಾಡಲಿಲ್ಲ. ಒಂದು ಶುಕ್ರವಾರ ಫೋನ್‌ನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು, ಕೈಯಲ್ಲಿ ಫ್ಲೋರ್ ಪ್ಲಾನ್ ಹಿಡಿದು, ಮೂರೂ ಮಹಡಿ ಸುತ್ತಿದರು. ಕಾಫಿ ಮೆಷೀನ್ ಪಕ್ಕ, ಲಿಫ್ಟ್ ಎದುರು, ಎಸಿ ಡಕ್ಟ್ ಕೆಳಗೆ ಬಂದ ಡೆಸಿಬಲ್ ಲೆಕ್ಕವನ್ನು ಪೆನ್ಸಿಲ್‌ನಲ್ಲಿ ಬರೆದರು. ತೀರಾ ಕಡಿಮೆ ಸದ್ದಿದ್ದ ನಾಲ್ಕು ಮೂಲೆಗಳಿಗೆ ಗುಂಡು ಸುತ್ತಿದರು. ಕಾರ್ಯಕ್ರಮಕ್ಕೆ ಜಾಗ ಆರಿಸಿದ್ದು ಆ ಗುಂಡುಗಳಿಂದಲೇ. ಆ ನಕ್ಷೆಯ ಫೋಟೋ ಈಗ ನಮ್ಮ ಕ್ಯಾಂಪೇನ್ ಫೋಲ್ಡರ್‌ನಲ್ಲಿ ಎಲ್ಲಕ್ಕಿಂತ ಮೊದಲು ಇದೆ. ನಿಮ್ಮ ಕಟ್ಟಡದ್ದನ್ನೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಳ್ಳಬಹುದು.